ಚೌತಿ ಚಂದ್ರನೂ ಉಗ್ರಾಣಿಯ ಕೊಡೆಯೂ

ಹೂಂಗುಟ್ಟುವವರು ಹತ್ತಿರ ಬನ್ನಿ. ಹೂಂಗುಟ್ಟದವರು ಅಲ್ಲೇ ಗೋಡೆಗೆ ಒರಗಿ ನಿದ್ದೆ ಮಾಡಿ, ನನಗೇನೂ ಬೇಜಾರಿಲ್ಲ.

ಹಾಲಗುಂದ ಅಂತ ಒಂದು ರಾಜ್ಯ ಇತ್ತು. ಎಷ್ಟು ದೊಡ್ಡದು ಅಂತೀರಾ? ಅರಮನೆಯಲ್ಲಿ ಒಗ್ಗರಣೆ ಹಾಕಿದರೆ ಗಡಿಯಲ್ಲಿ ನಿಂತ ಕಾವಲುಗಾರ ಸೀನುತ್ತಿದ್ದ, ಅಷ್ಟು ದೊಡ್ಡದು. ಅದಕ್ಕೊಬ್ಬ ರಾಜ, ಮುದ್ದರಸ ಅಂತ. ಒಳ್ಳೆಯವನೇ, ಆದರೆ ಹಿತ್ತಾಳೆ ಕಿವಿ. ಕೊನೆಗೆ ಯಾರು ಮಾತಾಡಿದರೋ ಅವರದೇ ಸರಿ ಅನ್ನುವವನು.

ಆ ಅರಮನೆಯಲ್ಲಿ ದೀಪ ಹಚ್ಚುವ ಕೆಲಸ ಸಣ್ಣಯ್ಯನದು. ಹೆಂಡತಿ ಗಂಗವ್ವ. ಇಬ್ಬರಿಗೂ ಸೇರಿ ಮೂರು ಮಕ್ಕಳು. ದೊಡ್ಡವಳು ಸಾಕಿ, ಹೇಳಿದ ಮಾತು ಕೇಳುತ್ತಿದ್ದಳು. ನಡುವಿನವನು ಕೆಂಚ, ಅರ್ಧ ಕೇಳುತ್ತಿದ್ದ. ಚಿಕ್ಕವಳು ಸುಬ್ಬಿ, ಮಾತು ಕೇಳುತ್ತಲೇ ಇರಲಿಲ್ಲ, ಪ್ರಶ್ನೆ ಮಾತ್ರ ಕೇಳುತ್ತಿದ್ದಳು.

ಗಣೇಶನ ಚೌತಿ ಬಂತು. ಮಕ್ಕಳು ಮೂವರೂ ಕೆರೆ ಮಣ್ಣು ತಂದು ಒಂದು ಗಣಪನನ್ನು ಮಾಡಿದರು. ಹೊಟ್ಟೆ ಸಾಕಿ ಮಾಡಿದಳು, ದುಂಡಗೆ ಬಂತು. ಕಿವಿ ಕೆಂಚ ಮಾಡಿದ, ಒಂದು ದೊಡ್ಡದು ಒಂದು ಚಿಕ್ಕದು. ಸೊಂಡಿಲು ಸುಬ್ಬಿ ಮಾಡಿದಳು, ಅದು ಗಣಪನ ಬೆನ್ನು ತುರಿಸುವ ಹಾಗೆ ಹಿಂದಕ್ಕೆ ತಿರುಗಿಕೊಂಡಿತು. ಇರಲಿ ಬಿಡಿ, ದೇವರು ಯಾವತ್ತಾದರೂ ದೂರು ಕೊಟ್ಟಿದ್ದಾನಾ?

ಗಂಗವ್ವ ಒಲೆ ಮುಂದೆ ಕೂತು ಕರಿಗಡುಬು ಕರಿಯುತ್ತಿದ್ದಳು. ಘಮ ಅಂದರೆ ಘಮ.

"ನೈವೇದ್ಯ ಆಗೋ ತನಕ ಯಾರೂ ಮುಟ್ಟಬಾರದು," ಅಂದಳು.

ಸಾಕಿ ಮುಟ್ಟಲಿಲ್ಲ. ಕೆಂಚ ಮುಟ್ಟಿ ಕೈ ಹಿಂದಕ್ಕೆ ತೆಗೆದುಕೊಂಡ. ಸುಬ್ಬಿ ಮೂಗು ಮುಂದೆ ಮಾಡಿ, "ಅವ್ವಾ, ಮೂಸಿದ್ರೆ ಎಂಜಲಾಗುತ್ತಾ?" ಅಂದಳು.

"ಆಗುತ್ತೆ!"

"ದೂರದಿಂದ ಮೂಸಿದ್ರೆ?"

ಗಂಗವ್ವ ಸೌಟು ಎತ್ತಿದಳು. ಸುಬ್ಬಿ ಓಡಿದಳು.

ಹಬ್ಬ ಆಯಿತು, ಊಟ ಆಯಿತು, ಸಂಜೆ ಆಯಿತು. ಈಗ ಶುರು ನೋಡಿ ಚೌತಿಯ ಗಲಾಟೆ. ಗಣಪನ ಹೊಟ್ಟೆ ನೋಡಿ ಚಂದ್ರ ನಕ್ಕನಂತೆ, ಗಣಪ ಶಾಪ ಕೊಟ್ಟನಂತೆ, ಹಾಗಾಗಿ ಚೌತಿಯ ಸಂಜೆ ಚಂದ್ರನನ್ನು ನೋಡಬಾರದು. ನೋಡಿದರೆ ಅಪವಾದ ಬರುತ್ತದೆ. ಇದು ನಿಮ್ಮ ಊರಲ್ಲೂ ಇದೆ, ನಮ್ಮ ಊರಲ್ಲೂ ಇದೆ. ಹಾಲಗುಂದದಲ್ಲಿ ಮಾತ್ರ ಒಂದು ಹೆಜ್ಜೆ ಮುಂದೆ ಹೋಗಿತ್ತು. ಹೊತ್ತು ಮುಳುಗಿದ ಕೂಡಲೇ ಊರಿಗೆ ಊರೇ ಬಾಗಿಲು ಹಾಕಿ, ಕಿಟಕಿ ಮುಚ್ಚಿ, ಕಣ್ಣಿಗೆ ಸೆರಗು ಹಿಡಿದು ಕೂರುತ್ತಿತ್ತು.

ಇದಕ್ಕೆಲ್ಲ ಗುರು ಅರಮನೆಯ ಉಗ್ರಾಣಿ ಪರಮಯ್ಯ. ಅಕ್ಕಿ, ಬೆಲ್ಲ, ತುಪ್ಪದ ಉಗ್ರಾಣ ಕಾಯುವವನು. ಹಣೆ ತುಂಬ ವಿಭೂತಿ, ಬಾಯಿ ತುಂಬ ಶಾಸ್ತ್ರ. ಚೌತಿ ಸಂಜೆ ದೊಡ್ಡದೊಂದು ಕರೀ ಬಟ್ಟೆ ಕೊಡೆ ಬಿಚ್ಚಿ ತಲೆ ಮೇಲೆ ಹಿಡಿದು ಓಡಾಡುತ್ತಿದ್ದ. "ನನ್ನ ಜನ್ಮದಲ್ಲೇ ನಾನು ಚೌತಿ ಚಂದ್ರನ್ನ ಕಂಡವನಲ್ಲ. ಕಂಡವನೇ ಕಳ್ಳ!" ಅನ್ನುತ್ತಿದ್ದ.

ಹಾಗನ್ನೋದಕ್ಕೆ ಕಾರಣ ಇತ್ತು. ಆಚೆ ವರ್ಷ ಚೌತಿಯ ಮಾರನೆ ದಿನ ಅರಮನೆ ಗಣಪನ ಬೆಳ್ಳಿ ಗಂಟೆ ಕಾಣೆಯಾಯಿತು. "ಚಂದ್ರನ್ನ ಕಂಡವರು ಯಾರು?" ಅಂತ ಕೇಳಿದ ಪರಮಯ್ಯ. ಹೂ ಕಟ್ಟುವ ಮಲ್ಲಜ್ಜಿ ಕಂಡಿದ್ದಳು. ಮಲ್ಲಜ್ಜಿಯನ್ನು ರಾಜ್ಯ ಬಿಡಿಸಿದರು. ಹೋದ ವರ್ಷ ಬೆಳ್ಳಿ ತಟ್ಟೆ ಕಾಣೆಯಾಯಿತು. "ಚಂದ್ರನ್ನ ಕಂಡವರು ಯಾರು?" ಅಡುಗೆಯ ಚಿಕ್ಕಣ್ಣ ಕಂಡಿದ್ದ. ಅವನೂ ಗಂಟು ಮೂಟೆ ಕಟ್ಟಿದ. ಮಲ್ಲಜ್ಜಿ ಹೋದ ಮೇಲೆ ಸುಬ್ಬಿಯ ಜಡೆಗೆ ದಿನಾ ಉಳಿದ ಮೊಗ್ಗು ಮುಡಿಸುವವರು ಯಾರೂ ಇರಲಿಲ್ಲ. ಅದನ್ನು ನೆನೆಸಿಕೊಂಡು ಅವಳು ಆಗಾಗ ಮುಖ ಸಪ್ಪಗೆ ಮಾಡುತ್ತಿದ್ದಳು.

ಸರಿ, ಈ ವರ್ಷದ ಸಂಜೆಗೆ ಬರೋಣ. ಗಂಗವ್ವ ಮಕ್ಕಳಿಗೆ ಹೇಳಿದಳು, "ಆಕಾಶದ ಕಡೆ ನೋಡಬೇಡಿ."

ಸಾಕಿ ನೋಡಲಿಲ್ಲ. ಕೆಂಚ ಒಂದು ಕಣ್ಣು ಮುಚ್ಚಿಕೊಂಡ. ಸುಬ್ಬಿಗೆ ಯೋಚನೆ ಹತ್ತಿತು. ನೋಡಬಾರದ ಚಂದ್ರ ಎಲ್ಲಿದ್ದಾನೆ ಅಂತ ಗೊತ್ತಿಲ್ಲದೆ ನೋಡದೆ ಇರೋದು ಹೇಗೆ? ತಲೆಬಾಗಿಲ ಹತ್ತಿರ ಹೋಗಿ ಇಣುಕಿದಳು. ತೆಂಗಿನ ಮರದ ಪಕ್ಕದಲ್ಲೇ ಇದ್ದ, ಕರಿಗಡುಬಿನ ಹಾಗೆ.

"ಅವ್ವಾ! ಅಪ್ಪಾ! ನೋಡಬಾರದ ಚಂದ್ರ ಇಲ್ಲೇ ಇದಾನೆ ನೋಡಿ!"

ಮಗು ಕೂಗಿದರೆ ಯಾರು ತಾನೇ ತಿರುಗಿ ನೋಡೋದಿಲ್ಲ? ಗಂಗವ್ವ ನೋಡಿದಳು. ಸಣ್ಣಯ್ಯ ನೋಡಿದ. ಸಾಕಿ ನೋಡಿದಳು. ಕೆಂಚ ಎರಡೂ ಕಣ್ಣು ಬಿಟ್ಟು ನೋಡಿದ. ಓಣಿಯಲ್ಲಿ ಒಂದು ಕರೀ ಕೊಡೆ ಹೋಗುತ್ತಿತ್ತು. ಅದು ಒಂದು ಗಳಿಗೆ ನಿಂತು, ಕೇಳಿಸಿಕೊಂಡು, ಅರಮನೆ ಕಡೆ ಸರಸರ ಹೋಯಿತು.

"ಅಯ್ಯೋ ನನ್ನ ಕರ್ಮವೇ," ಅಂತ ಗಂಗವ್ವ ತಲೆ ಚಚ್ಚಿಕೊಂಡಳು. ದೋಷ ಹೋಗಲಿ ಅಂತ ಮಕ್ಕಳನ್ನು ಕೂರಿಸಿಕೊಂಡು, ಚೌತಿ ಚಂದ್ರನನ್ನು ಕಂಡು ದೇವರ ಮೇಲೇ ಕಳ್ಳತನದ ಅಪವಾದ ಬಂದ ಹಳೇ ಕಥೆಯನ್ನು ಹೇಳಿದಳು. ಸುಬ್ಬಿ ಅರ್ಧ ಕಥೆಗೇ ನಿದ್ದೆ ಹೋದಳು.

ಬೆಳಗಾಯಿತು. ಜಡಿಮಳೆ ಹಿಡಿದಿತ್ತು. ಅರಮನೆಯಲ್ಲಿ ಕೋಲಾಹಲ. ಗಣಪನ ಮುಂದೆ ಇಟ್ಟಿದ್ದ ಬೆಳ್ಳಿ ಇಲಿ ಇಲ್ಲ!

ರಾಜ ಹೆಬ್ಬಾಗಿಲು ಹಾಕಿಸಿದ. ಹುಡುಕುವ ಯಜಮಾನಿಕೆ ಪರಮಯ್ಯನದೇ. ಆಳುಗಳ ಬುಟ್ಟಿ ನೋಡಿದ, ಸಂಚಿ ನೋಡಿದ, ಸೊಂಟದ ಗಂಟು ಬಿಚ್ಚಿಸಿದ. ಇಲಿ ಸಿಗಲಿಲ್ಲ. ಆಮೇಲೆ ಗಂಟಲು ಸರಿ ಮಾಡಿಕೊಂಡು, "ನಿನ್ನೆ ಚಂದ್ರನ್ನ ಕಂಡವರು ಯಾರು?" ಅಂದ.

ಅಪ್ಪನ ಜೊತೆ ಬಂದಿದ್ದ ಸುಬ್ಬಿ ಖುಷಿಯಾಗಿ ಕೈ ಎತ್ತಿದಳು. "ನಾನು! ನಮ್ಮಪ್ಪನೂ!"

ಸಣ್ಣಯ್ಯ ಮಗಳ ಕೈ ಹಿಡಿದು ಇಳಿಸಿದ. "ಮಹಾಸ್ವಾಮಿ, ನೋಡಿದ್ದು ನಿಜ. ಕದ್ದಿಲ್ಲ," ಅಂದ.

"ಹೋದ ವರ್ಷದವನೂ ಹಿಂಗೇ ಅಂದಿದ್ದ," ಅಂದ ಪರಮಯ್ಯ. ಕೊನೆಗೆ ಮಾತಾಡಿದವನು ಅವನೇ ನೋಡಿ. ರಾಜ ತಲೆ ಆಡಿಸಿದ. "ಸಂಜೆ ಗಣಪನ್ನ ಕೆರೆಗೆ ಬಿಡೋ ಹೊತ್ತಿಗೆ ನೀನೂ ನಿನ್ನ ಸಂಸಾರವೂ ಗಡಿ ದಾಟಿರಬೇಕು. ಇಲಿ ಸಿಗೋ ತನಕ ಉಳಿದವರು ಯಾರೂ ಅರಮನೆ ಬಿಟ್ಟು ಹೋಗಕೂಡದು."

ಮನೆಯಲ್ಲಿ ಗಂಗವ್ವ ಕಣ್ಣೀರು ಒರೆಸಿಕೊಳ್ಳುತ್ತಾ ಪಾತ್ರೆ ಕಟ್ಟಿದಳು. ಸಾಕಿ ಬಟ್ಟೆ ಕಟ್ಟಿದಳು. ಕೆಂಚ ಕಡುಬು ಕಟ್ಟಿಕೊಂಡ. ಸುಬ್ಬಿ ಸೊಟ್ಟ ಸೊಂಡಿಲಿನ ಗಣಪನ ಮುಂದೆ ಕೂತು ಬಿಕ್ಕಿ ಬಿಕ್ಕಿ ಅತ್ತಳು.

"ನಮ್ಮ ಗಣಪನ್ನ ಯಾರು ಕೆರೆಗೆ ಬಿಡ್ತಾರೆ ಅವ್ವಾ? ನಾನು ಕೂಗಿದ್ದಕ್ಕೇ ಅಲ್ವಾ ಹಿಂಗೆಲ್ಲ ಆಗಿದ್ದು?"

ಗಂಗವ್ವ ಕಟ್ಟುತ್ತಿದ್ದ ಪಾತ್ರೆ ಕೆಳಗಿಟ್ಟಳು. ಮಗಳನ್ನು ತೊಡೆಗೆ ಎಳೆದುಕೊಂಡಳು. "ಅಳಬೇಡ ಕಂದಾ. ಸುಳ್ಳು ಅಪವಾದ ದೇವರಿಗೇ ತಪ್ಪಲಿಲ್ಲ. ನಮಗೆ ತಪ್ಪುತ್ತಾ?"

ಸುಬ್ಬಿಯ ಅಳು ನಿಂತಿತು. "ಸುಳ್ಳು ಅಪವಾದನಾ? ನಿಜದ್ದಲ್ವಾ?"

"ಮಾಡದ ತಪ್ಪನ್ನ ಮಾಡ್ದ ಅಂತ ಹೇಳೋದೇ ಕಣೇ ಚೌತಿ ಅಪವಾದ. ರಾತ್ರಿ ಕಥೆ ಹೇಳುವಾಗ ಗೊರಕೆ ಹೊಡೀತಿದ್ದೆ, ಇನ್ನೆಲ್ಲಿ ಗೊತ್ತಾಗಬೇಕು!"

ಸುಬ್ಬಿ ಲಂಗದಿಂದ ಮೂಗು ಒರೆಸಿಕೊಂಡಳು. ಎದ್ದಳು. ಮಳೆಯಲ್ಲೇ ಅರಮನೆಗೆ ಓಡಿದಳು. ಗಂಗವ್ವ, ಸಣ್ಣಯ್ಯ, ಸಾಕಿ, ಕೆಂಚ ಎಲ್ಲರೂ ಅವಳ ಹಿಂದೆ ಓಡಿದರು.

ರಾಜ ಸಭೆಯವರ ಜೊತೆ ಊಟಕ್ಕೆ ಕೂತಿದ್ದ. ಪಕ್ಕದಲ್ಲಿ ಪರಮಯ್ಯ ನಿಂತಿದ್ದ. ಸುಬ್ಬಿ ಎಲೆ ಮುಂದೆ ಹೋಗಿ ನಿಂತಳು.

"ರಾಜಪ್ಪಾ, ಚೌತಿ ಚಂದ್ರನ್ನ ನೋಡಿದ್ರೆ ಏನು ಬರುತ್ತೆ?"

"ಅಪವಾದ ಬರುತ್ತೆ ಮಗು."

"ನಿಜದ್ದಾ, ಸುಳ್ಳಿಂದಾ?"

ರಾಜ ತಲೆ ಕೆರೆದುಕೊಂಡ. "ಸುಳ್ಳಿಂದು. ನಮ್ಮಜ್ಜಿ ಹಂಗೇ ಹೇಳ್ತಿದ್ದಳು."

"ಹಂಗಾದ್ರೆ ನಮ್ಮಪ್ಪ ಚಂದ್ರನ್ನ ನೋಡಿದ್ದು ನಿಜ ಅಂದ್ಮೇಲೆ, ಅವನ ಮೇಲೆ ಬಂದಿದ್ದು ಸುಳ್ಳೇ ಅಲ್ವಾ?"

ರಾಜನ ಬಾಯಿಗೆ ಹೋಗುತ್ತಿದ್ದ ಕಡುಬು ಅರ್ಧದಲ್ಲೇ ನಿಂತಿತು. ಬಡಿಸುವವರ ಸೌಟು ನಿಂತಿತು. ಮೂರು ವರ್ಷದಿಂದ ಊರಿಗೆ ಊರೇ ಶಾಸ್ತ್ರ ಶಾಸ್ತ್ರ ಅಂತ ಬಡಿದುಕೊಂಡಿತ್ತು. ಶಾಸ್ತ್ರದ ಅರ್ಧವನ್ನು ಎಲ್ಲರೂ ಮರೆತೇಬಿಟ್ಟಿದ್ದರು!

"ಮಕ್ಕಳಾಟ, ಮಹಾಸ್ವಾಮಿ!" ಅಂತ ಪರಮಯ್ಯ ಮುಂದೆ ಬಂದ.

ಸುಬ್ಬಿ ಅವನ ಕಡೆ ತಿರುಗಿದಳು. "ಮಾಮಾ, ನೀವು ಚಂದ್ರನ್ನ ನೋಡಿದ್ರಾ?"

"ಶಾಂತಂ ಪಾಪಂ! ನೋಡಲಿಲ್ಲ."

"ಚೂರೂ?"

"ಚೂರೂ ನೋಡಲಿಲ್ಲ. ಕೊಡೆ ಹಿಡಿದಿದ್ದೆ."

"ಹಂಗಾದ್ರೆ ನಿಮಗೆ ಸುಳ್ಳು ಅಪವಾದ ಬರಲ್ವಾ?"

"ಬರೋದೇ ಇಲ್ಲ!"

"ಹಂಗಾದ್ರೆ ಬೆಳ್ಳಿ ಇಲಿ ಕದ್ದೋರು ನೀವೇ," ಅಂದಳು ಸುಬ್ಬಿ.

"ಸುಳ್ಳು! ಸುಳ್ಳು!" ಅಂತ ಕಿರುಚಿದ ಪರಮಯ್ಯ.

"ನಿಮಗೆ ಸುಳ್ಳು ಅಪವಾದ ಬರೋದಿಲ್ಲ ಅಂತ ಈಗ ತಾನೇ ಅಂದ್ರಲ್ಲಾ ಮಾಮಾ?"

ಸಭೆ ಹೋ ಅಂತ ನಕ್ಕಿತು. ರಾಜನೂ ನಕ್ಕ. ಆಮೇಲೆ ನಗು ನಿಲ್ಲಿಸಿ ಹೇಳಿದ, "ಮಗು, ಮಾತು ಚೆನ್ನಾಗಿದೆ. ಆದ್ರೆ ಬರೀ ಮಾತು ನಂಬಿ ಒಬ್ಬರನ್ನ ಕಳ್ಳ ಅನ್ನಬಾರದು. ಆ ತಪ್ಪನ್ನ ನಾನು ಆಗಲೇ ಮಾಡಿದೀನಿ." ಹಿತ್ತಾಳೆ ಕಿವಿಗೂ ಒಂದು ದಿನ ಬುದ್ಧಿ ಬರುತ್ತದೆ, ನೋಡಿ.

ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲಿ ಕಳ್ಳ ಅಂದ ಕೂಡಲೇ ಪರಮಯ್ಯ ಏನು ಮಾಡಿದ ಗೊತ್ತಾ? ಮುಚ್ಚಿದ ಕೊಡೆಯನ್ನು ಎದೆಗೆ ಅವುಚಿಕೊಂಡ. ಎಳೇ ಕೂಸನ್ನು ಅವುಚಿಕೊಂಡ ಹಾಗೆ.

ಸುಬ್ಬಿ ಕಣ್ಣು ಪಿಳಿಪಿಳಿ ಬಿಟ್ಟು ನೋಡಿದಳು. ಪರಮಯ್ಯನ ಪಂಚೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಹಣೆಯ ವಿಭೂತಿ ಕರಗಿ ಮೂಗಿಗೆ ಇಳಿದಿತ್ತು. ಪಾಪ, ಬೆಳಗಿನಿಂದ ಉಗ್ರಾಣಕ್ಕೂ ಅಡುಗೆಮನೆಗೂ ಅಂಗಳ ದಾಟಿ ಓಡಾಡಿದ್ದನಲ್ಲ.

"ಮಾಮಾ, ನಿನ್ನೆ ಮಳೆ ಇರಲಿಲ್ಲ, ಕೊಡೆ ಬಿಚ್ಚಿದ್ರಿ. ಇವತ್ತು ಮಳೆ ಹುಯ್ತಾ ಇದೆ, ಯಾಕೆ ಬಿಚ್ಚಿಲ್ಲ?"

ಸಭೆಯ ಕಣ್ಣೆಲ್ಲ ಕೊಡೆಯ ಕಡೆ ತಿರುಗಿತು.

"ಬಿಚ್ಚು," ಅಂದ ರಾಜ.

"ಕಡ್ಡಿ ಮುರಿದಿದೆ, ಮಹಾಸ್ವಾಮಿ."

"ಬಿಚ್ಚು!"

"ಒಳಗೆ ಕೊಡೆ ಬಿಚ್ಚಿದ್ರೆ ಅಪಶಕುನ, ಮಹಾಸ್ವಾಮಿ."

"ಬಿಚ್ಚಯ್ಯಾ!"

ಕೊಡೆ ಬಿಚ್ಚಿತು. ಬೆಳ್ಳಿ ಇಲಿ ಟಣ್ ಅಂತ ಬಿತ್ತು. ಉರುಳಿ ಉರುಳಿ ರಾಜನ ಎಲೆಯ ಪಕ್ಕದಲ್ಲಿ, ಕಡುಬಿನ ಮುಂದೆ ಬಂದು ನಿಂತಿತು. ಇಲಿ ಅಂದ ಮೇಲೆ ಇನ್ನೆಲ್ಲಿಗೆ ಹೋದೀತು!

ಆಮೇಲೆ ಎಲ್ಲ ಹೊರಗೆ ಬಂತು. ಊರೆಲ್ಲ ಕಣ್ಣು ಮುಚ್ಚಿಕೊಂಡು ಕೂರುವ ಹೊತ್ತು ನೋಡಿ ಪರಮಯ್ಯ ಅರಮನೆಯ ದೇವರ ಮನೆಗೆ ಹೋಗಿ ಬೆಳ್ಳಿ ಕದ್ದು ಕೊಡೆಯಲ್ಲಿ ಸಾಗಿಸುತ್ತಿದ್ದ. ಈ ಸಲ ಸಾಗಿಸುವ ಮುಂಚೆಯೇ ಹೆಬ್ಬಾಗಿಲು ಹಾಕಿಸಿಬಿಟ್ಟಿದ್ದರು. ಆಚೆ ವರ್ಷದ ಗಂಟೆ, ಹೋದ ವರ್ಷದ ತಟ್ಟೆ ಎರಡೂ ಅವನ ಮನೆಯಲ್ಲಿ ಅಕ್ಕಿ ತುಂಬಿಡುವ ಮಣ್ಣಿನ ವಾಡೆಯೊಳಗೆ ಸಿಕ್ಕವು.

ರಾಜ ಎಲೆ ಬಿಟ್ಟು ಎದ್ದ. ಸಣ್ಣಯ್ಯನ ಮುಂದೆ ಕೈ ಮುಗಿದ. "ತಪ್ಪು ನಂದು," ಅಂದ. ಸಣ್ಣಯ್ಯ ಅತ್ತುಬಿಟ್ಟ. ಗಂಗವ್ವನೂ ಅತ್ತಳು. ಕೆಂಚ ಈ ಸಂದಿಯಲ್ಲಿ ರಾಜನ ಎಲೆಯಿಂದ ಒಂದು ಕಡುಬು ತೆಗೆದ. ಹೆಂಗೂ ನೈವೇದ್ಯ ಆಗಿತ್ತಲ್ಲ.

"ನಿನಗೇನು ಬೇಕು ಕೇಳು ಮಗು," ಅಂದ ರಾಜ.

ಸುಬ್ಬಿ ಚಿನ್ನ ಕೇಳಲಿಲ್ಲ, ಬಣ್ಣದ ಲಂಗ ಕೇಳಲಿಲ್ಲ, ಕಡುಬನ್ನೂ ಕೇಳಲಿಲ್ಲ. "ನಮ್ಮ ಮಲ್ಲಜ್ಜಿ ಬೇಕು," ಅಂದಳು. ರಾಜ ತಲೆ ತಗ್ಗಿಸಿದ.

ಪರಮಯ್ಯನಿಗೆ ಶಿಕ್ಷೆ ಏನು ಗೊತ್ತಾ? ನಡೆದುಕೊಂಡು ಹೋಗಿ ಮಲ್ಲಜ್ಜಿಯನ್ನೂ ಚಿಕ್ಕಣ್ಣನನ್ನೂ ಹುಡುಕಿ ಕ್ಷಮೆ ಕೇಳಬೇಕು, ದಾರಿಯುದ್ದಕ್ಕೂ ಅವರ ತಲೆ ಮೇಲೆ ಅದೇ ಕೊಡೆ ಹಿಡಿದು ವಾಪಸ್ಸು ಕರೆತರಬೇಕು. ಅವನು ಮಾತ್ರ ಮಳೆಯಲ್ಲಿ ನೆನೆದುಕೊಂಡೇ ಬರಬೇಕು. ಹಿಂದೆ ಇಬ್ಬರು ಕಾವಲುಗಾರರನ್ನೂ ಕಳಿಸಿದರು ಅನ್ನಿ, ರಾಜನಿಗೆ ಈಗ ಅಷ್ಟು ಬುದ್ಧಿ ಬಂದಿತ್ತು.

ಆ ಸಂಜೆ ಮಳೆ ಬಿಟ್ಟಿತು. ಸೊಟ್ಟ ಸೊಂಡಿಲಿನ ಗಣಪ ಮೂರು ಮಕ್ಕಳ ಕೈಯಲ್ಲಿ ಕೆರೆಗೆ ಹೋದ. ಕೆಲವು ದಿನ ಕಳೆದ ಮೇಲೆ ಓಣಿಯ ತುದಿಯಲ್ಲಿ ಒಂದು ಕರೀ ಕೊಡೆ ಕಾಣಿಸಿತು. ಅದರ ಕೆಳಗೆ ಚಿಕ್ಕಣ್ಣ, ಪಕ್ಕದಲ್ಲಿ ಮಲ್ಲಜ್ಜಿ, ಅವಳ ಮಡಿಲಲ್ಲಿ ಮೊಗ್ಗು. ಸುಬ್ಬಿ ಓಡಿ ಹೋಗಿ ಜಡೆ ತಿರುಗಿಸಿ ನಿಂತಳು. ಮಲ್ಲಜ್ಜಿ ಮೊಗ್ಗು ಮುಡಿಸಿದಳು.

ಈಗ ನೀತಿ ಕೇಳಿ. ಚೌತಿ ಚಂದ್ರನನ್ನು ನೋಡಿದರೆ ದೋಷ ಅಂತಾರೆ, ಇರಬಹುದು. ಆದರೆ ಕಣ್ಣಾರೆ ನೋಡದೆ ಇನ್ನೊಬ್ಬರನ್ನು ಕಳ್ಳ ಅಂದರೆ ದೋಷ ಖಂಡಿತ, ಅದಕ್ಕೆ ಯಾವ ಕೊಡೆಯೂ ಅಡ್ಡ ಬರುವುದಿಲ್ಲ.

ಕಥೆ ಖಾಲಿ, ಡಬ್ಬಿಯಲ್ಲಿ ಕಡುಬು ಇದೆ. ಹೂಂಗುಟ್ಟಿದವರಿಗೆ ಎರಡೆರಡು. ಗೋಡೆಗೆ ಒರಗಿ ನಿದ್ದೆ ಮಾಡಿದವರು ಬೇಕಾದರೆ ದೂರದಿಂದ ಮೂಸಿಕೊಳ್ಳಿ.