ಬಾಯಿ ಬಿಡದ ಮೀನು

ಲೋಕ ಆಗಿನ್ನೂ ಹೊಚ್ಚ ಹೊಸದು. ಯಾವ ಕಡೆ ಹರಿಯಬೇಕೆಂದು ನದಿಗಳಿಗೇ ಗೊತ್ತಿರಲಿಲ್ಲ; ಬೆಳಗ್ಗೆ ಹೀಗೆ, ಸಂಜೆ ಹಾಗೆ. ನಂಬಿಕೆ ಬಾರದಿದ್ದರೆ ಮೊಸಳೆಯನ್ನು ಕೇಳಿ. ದೂರದಿಂದ ಕೇಳಿ.

ಆ ಕಾಲದಲ್ಲಿ ಆಫ್ರಿಕಾದ ಒಂದು ದೊಡ್ಡ ನದಿಯಲ್ಲಿ ಚಿಳುಕಿ ಎಂಬ ಪುಟ್ಟ ಮೀನಿದ್ದಳು. ಮೈ ಬೆರಳುದ್ದ, ಮಾತು ನದಿಯುದ್ದ.

ಒಂದು ದಿನ ಅವಳ ಅಕ್ಕ ಬಿಳಿ ಕಲ್ಲಿನ ಹಿಂದೆ ಮೊಟ್ಟೆಯಿಟ್ಟು, ಹಸಿವು ತಾಳದೆ ಮೇಯಲು ಹೊರಟಳು. ಹೊರಡುವಾಗ ತಂಗಿಗೆ ಹೇಳಿದ್ದು ಒಂದೇ ಮಾತು: "ಯಾರು ಕೇಳಿದರೂ ಬಾಯಿ ಬಿಡಬೇಡ ಕಣೇ."

"ನಾನಾ? ಬಿಡ್ತೀನಾ?" ಎಂದಳು ಚಿಳುಕಿ.

ಅಕ್ಕ ಅತ್ತ ಹೋದದ್ದೇ ತಡ, ಇತ್ತ ಮೀಸೆಮೀನು ಬಂತು. ಮೊಟ್ಟೆ ಎಲ್ಲಿ ಎಂದು ಅದು ಕೇಳಲೇ ಇಲ್ಲ. ಮೀಸೆ ತಿರುವುತ್ತಾ, ಪಾಪ, ನಿನ್ನ ಅಕ್ಕ ನಿನಗೂ ಜಾಗ ಹೇಳಿಲ್ಲವಂತೆ, ನೀನಿನ್ನೂ ಚಿಕ್ಕವಳಲ್ಲವಾ ಎಂದು ಮರುಗಿತು.

ಚಿಳುಕಿಗೆ ಮೈಯೆಲ್ಲ ಉರಿಯಿತು. "ನನಗೆ ಗೊತ್ತಿಲ್ಲವಾ? ಬಿಳಿ ಕಲ್ಲಿನ ಹಿಂದೆ..."

ಮಾತು ಮುಗಿಯುವ ಮೊದಲೇ ಮೀಸೆಮೀನು ಕಲ್ಲಿನ ಹಿಂದಿತ್ತು.

ಅಕ್ಕ ಬಂದಾಗ ಉಳಿದಿದ್ದದ್ದು ಸಂದಿಗೆ ಉರುಳಿದ್ದ ನಾಲ್ಕಾರು ಮೊಟ್ಟೆ ಮಾತ್ರ. ಅವಳು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಖಾಲಿ ಕಲ್ಲನ್ನು ಬಾಲದಿಂದ ಗುಡಿಸುತ್ತಲೇ ಇದ್ದಳು. ನೀರಲ್ಲಿದ್ದೂ ಚಿಳುಕಿ ಬೆವತಳು. ಮುಖ ಮರೆಸೋಣವೆಂದರೆ ಎತ್ತ ತಿರುಗಿದರೂ ಕನ್ನಡಿಯಂಥ ನೀರು.

"ಇವನ್ನು ಬೇರೆಲ್ಲಾದರೂ ಮುಚ್ಚಿಡೋಣ" ಎಂದಳು ಅಕ್ಕ.

"ಎಲ್ಲಿಟ್ಟರೂ ನನಗೆ ಗೊತ್ತಾಗುತ್ತಕ್ಕ" ಎಂದಳು ಚಿಳುಕಿ. "ನನಗೆ ಗೊತ್ತಾದರೆ ನದಿಗೆಲ್ಲ ಗೊತ್ತಾಗುತ್ತೆ."

ಹಾಗೆಂದವಳೇ ಮೊಟ್ಟೆಗಳನ್ನು ಒಂದೊಂದಾಗಿ ಬಾಯಿಗೆ ತೆಗೆದುಕೊಂಡು ತುಟಿ ಬಿಗಿದಳು.

ಮೀಸೆಮೀನು ಮತ್ತೆ ಬಂದು ಕೆಣಕಿತು. ಚಿಳುಕಿ ಬಾಯಿ ಬಿಡಲಿಲ್ಲ. ಗಾಳಿ ಬಂದು ದಂಡೆಯ ಸುದ್ದಿಯನ್ನೆಲ್ಲ ಹೇಳಿತು, ಎಂಥೆಂಥ ಸುದ್ದಿ ಅಂತೀರಿ. ಬಾಯಿ ಬಿಡಲಿಲ್ಲ. ಕೊಬ್ಬಿದ ಹುಳುವೊಂದು ಮೂಗಿನ ಮುಂದೆಯೇ ಕುಣಿಯಿತು. ಹೊಟ್ಟೆ ಬೆನ್ನಿಗೆ ಹತ್ತಿತು, ಬಾಯಿ ಮಾತ್ರ ಬಿಡಲಿಲ್ಲ. ಅಕ್ಕನ ಮುಖ ನೋಡುವ ಧೈರ್ಯವಿಲ್ಲದೆ ಪಾಚಿಯ ನೆರಳಲ್ಲೇ ಉಳಿದಳು.

ಕಡೆಗೊಂದು ದಿನ ಅಕ್ಕನೇ ಹುಡುಕಿಕೊಂಡು ಬಂದು ಕೆನ್ನೆಗೆ ಕೆನ್ನೆ ತಾಗಿಸಿದಳು. ಒಳಗೆ ಏನೋ ಪುಳಪುಳ ಎನ್ನುತ್ತಿತ್ತು.

"ಸಾಕು ಕಣೇ," ಎಂದಳು. "ಈಗ ಬಾಯಿ ಬಿಡು."

ಬಿಟ್ಟಳು. ಮಾತು ಬರಲಿಲ್ಲ, ಮರಿಗಳು ಬಂದವು.

ಅದಕ್ಕೇ ಗಾಜಿನ ತೊಟ್ಟಿಯಲ್ಲಿರುವ ಚಿಳುಕಿಯ ಜಾತಿಯ ತಾಯಿಮೀನು ಇವತ್ತಿಗೂ ಮೊಟ್ಟೆಗಳನ್ನು ಬಾಯಲ್ಲಿಟ್ಟು ಗಂಟಲುಬ್ಬಿಸಿಕೊಂಡು, ಹಾಕಿದ ತಿಂಡಿ ಮುಟ್ಟದೆ, ನಿಮ್ಮನ್ನು ಕಂಡರೆ ನಾಚಿ ಮೂಲೆಗೆ ಸರಿಯುತ್ತದೆ; ಗಾಜು ತಟ್ಟಿ ಏನು ಕೇಳಿದರೂ ಬಾಯಿ ಬಿಡುವುದಿಲ್ಲ.