ಕರಡಿಯ ಎರಡನೇ ವಿಚಾರಣೆ

ಹೊಳೆ ದಾಟಲಾರದ ಮರಿಗಳನ್ನೆಲ್ಲ ಬೆನ್ನ ಮೇಲೆ ಕೂರಿಸಿಕೊಂಡು ಆಚೆ ದಡ ಮುಟ್ಟಿಸುವ ಕೆಲಸ ಕಾಡಿನ ತಾಯಿಕರಡಿಯದು. ಒಂದು ದಿನ ಅದು ಹುಳಿತ ಇಪ್ಪೆಹೂವು ತಿಂದು, ಅಮಲೇರಿ, ಜಿಂಕೆಮರಿಯೊಂದನ್ನು ನಡುನೀರಲ್ಲಿ ಬೀಳಿಸಿತು. ಮರಿ ಹೇಗೋ ಬದುಕಿತು. ಪ್ರಾಣಿಗಳು ಕರಡಿಯನ್ನು ಕಾಡಿನ ನ್ಯಾಯ ಹೇಳುವ ಮುದಿ ಹೆಣ್ಣಾನೆಯ ಮುಂದೆ ನಿಲ್ಲಿಸಿದವು.

ಆನೆ ಸೊಂಡಿಲು ಚಾಚಿ ಕರಡಿಯ ಬಾಯಿ ಮೂಸಿತು. "ಹೋದ ವರ್ಷವೂ ಇದೇ ವಾಸನೆ," ಎಂದಿತು.

"ಆಗ ಏಳು ದಿನ ದಡದ ಕಲ್ಲು ಹೊರಿಸಿದಿರಿ. ಈಗಲೂ ಹೊರುತ್ತೇನೆ, ಬಿಡಿ ಅಜ್ಜಿ," ಎಂದಿತು ಕರಡಿ.

"ಆಗ ಹೂವಿನ ಅಮಲು ನಿನಗೆ ತಿಳಿದಿರಲಿಲ್ಲ ಎಂದು ನಂಬಿದೆವು. ಈಗ ಏನೆಂದು ನಂಬಲಿ? ಇಂದಿನಿಂದ ನಿನ್ನ ಬೆನ್ನ ಮೇಲೆ ಯಾರೂ ಕೂರುವಂತಿಲ್ಲ."

ಆನೆ ದನಿ ಏರಿಸಲಿಲ್ಲ. ಆದರೂ ಮರದ ಮೇಲಿನ ಮಂಗಗಳು ಸಹ ಜಿಗಿದಾಟ ನಿಲ್ಲಿಸಿ ಕೂತವು.

"ಆಗಲಿ," ಎಂದ ಕರಡಿ ಮನೆಗೆ ಹೊರಡಲು ತನ್ನ ಮರಿಯ ಮುಂದೆ ಬೆನ್ನು ಬಗ್ಗಿಸಿತು. ಮರಿ ಎಂದಿನಂತೆ ಹತ್ತಲು ಕಾಲೆತ್ತಿತು. ಮರಗಳನ್ನು ಬುಡಸಮೇತ ಕೀಳಬಲ್ಲ ಆ ಸೊಂಡಿಲು ಮೆಲ್ಲಗೆ ಇಳಿದು ಬಂದು ತಾಯಿ ಮಗುವಿನ ನಡುವೆ ನಿಂತಿತು.

"ಅಜ್ಜಿ, ಇದು ನನ್ನ ಮಗು!"

"ಅದಕ್ಕೇ," ಎಂದಿತು ಆನೆ.