ದೇವರ ಎಲೆಯ ಲೆಕ್ಕ

"ಸರ್, ಕೇಳಿದ್ದಕ್ಕೆಲ್ಲ ಉತ್ತರ ಬಂದಾಯ್ತು. ಇನ್ನೇನನ್ನ ಪರೀಕ್ಷೆ ಮಾಡೋದು?" ಎಂದು ವಸುಮತಿ ತನ್ನ ಗುರುಗಳಾದ ಶಂಭುಲಿಂಗ ಮೇಷ್ಟ್ರನ್ನು ಕೇಳಿದಳು.

ಮಧ್ಯಾಹ್ನದ ಊಟ ಮುಗಿದು ಪ್ರಯೋಗಾಲಯವೇ ತೂಕಡಿಸುತ್ತಿತ್ತು. ಒಂದು ಮಗುವಿನ ಡಿಎನ್‌ಎಯಲ್ಲಿ ಎಲ್ಲೆಲ್ಲಿ ಅಕ್ಷರ ಬದಲಾಗಿದೆ ಎಂದು ಆಸ್ಪತ್ರೆಯವರು ಜಾಗ ಎಣಿಸಿ ಕಳಿಸಿದ್ದರು. ಬರೀ ಅಂಕಿಗಳು, ಸಾವಿರಾರು. ಅಂಥ ಒಂದೊಂದು ಬದಲಾವಣೆಗೂ ಲೋಕ ಒಪ್ಪಿದ ಒಂದು ಗುರುತಿನ ಹೆಸರಿರುತ್ತದೆ. ಅದನ್ನು ಹುಡುಕುವುದು ವಸುಮತಿಯ ಕೆಲಸ. ಆ ಹೆಸರು ನೋಡಿಯೇ ಡಾಕ್ಟರು ಮಗುವಿಗೆ ಔಷಧಿ ಶುರು ಮಾಡುವವರು. ಅವಳು ಅಂಕಿಗಳನ್ನೆಲ್ಲ ಒಂದೇ ಸಲ ಕಂಪ್ಯೂಟರಿಗೆ ಸುರಿದಳು. ಟೀ ಆರುವುದರೊಳಗೆ ಹೆಸರುಗಳು ಪಾರಿಜಾತದ ಹಾಗೆ ಉದುರಿದವು. ಒಂದು ಜಾಗವೂ ಖಾಲಿ ಉಳಿಯಲಿಲ್ಲ. ಇನ್ನು ಕಳಿಸುವ ಗುಂಡಿ ಒತ್ತುವುದೊಂದೇ ಬಾಕಿ.

"ಕೂತ್ಕೋಮ್ಮ, ಒಂದು ಕತೆ ಹೇಳ್ತೀನಿ" ಎಂದರು ಮೇಷ್ಟ್ರು.

"ಇದನ್ನ ಕಳಿಸಿಬಿಟ್ಟು ಕೂತ್ಕೊಳ್ಳಲಾ ಸರ್?"

"ಬೇಡ. ಕತೆ ಚಿಕ್ಕದು. ಪಂಕ್ತಿ ಮಾತ್ರ ಉದ್ದ."

ಒಂದೂರಿನಲ್ಲಿ ಒಬ್ಬ ಸಾಹುಕಾರ ಊಟ ಹಾಕಿಸಿದ. ಪಂಕ್ತಿ ಎಷ್ಟು ಉದ್ದವೆಂದರೆ, ಆ ತುದಿಗೆ ಉಪ್ಪು ತಲುಪುವಾಗ ಈ ತುದಿಯವರು ತಾಂಬೂಲ ಹಾಕಿಕೊಳ್ಳುತ್ತಿದ್ದರು. ನಡುವೆ ಎಲ್ಲೋ ಮಂಜು ಕವಿದಿತ್ತು. ಅದು ಅನ್ನದ ಹಬೆ ಎಂದೂ ಕೆಲವರು ಹೇಳುತ್ತಾರೆ.

ಒಬ್ಬ ವೈದ್ಯ ಆ ಸಾಲಿನುದ್ದಕ್ಕೂ ನಡೆದ. ಅಲ್ಲಲ್ಲಿ ಕೆಲವರ ಕಣ್ಣು ಹಳದಿಯಾಗಿತ್ತು. ಉಣ್ಣುವವರನ್ನು ಹೆದರಿಸುವುದು ಬೇಡವೆಂದು, ಅವರು ಕೂತದ್ದು ಎಷ್ಟನೇ ಎಲೆ ಎಂದು ಮಾತ್ರ ಎಣಿಸಿಕೊಂಡ. ಆಮೇಲೆ ತನ್ನ ಸಹಾಯಕನನ್ನು ಕರೆದು, "ಈ ಈ ಎಲೆಯವರ ಹೆಸರು ಕೇಳಿಕೊಂಡು ಬಾ. ಹಳದಿ ಕಣ್ಣಿಗೆ ಸಂಜೆ ಕಷಾಯ ಕಳಿಸಬೇಕು" ಎಂದ.

ಆ ಊರಿನಲ್ಲಿ ಪಂಕ್ತಿಯ ಮೊದಲ ಎಲೆ ದೇವರದು. ಬಡಿಸುತ್ತಾರೆ, ಯಾರೂ ಕೂರುವುದಿಲ್ಲ. ವೈದ್ಯ ದೈವಭಕ್ತ, ದೇವರನ್ನು ಬಿಟ್ಟು ಎಣಿಸಬಾರದೆಂದು ಆ ಎಲೆಯಿಂದಲೇ ಶುರು ಮಾಡಿದ್ದ. ಸಹಾಯಕನೂ ದೈವಭಕ್ತ. ದೇವರನ್ನು ಜನರ ಜೊತೆ ಸೇರಿಸಿ ಎಣಿಸಬಾರದೆಂದು ಅದರ ಮುಂದಿನ ಎಲೆಯಿಂದ ಶುರು ಮಾಡಿದ. ಬಗ್ಗಿ ಬಗ್ಗಿ ಹೆಸರು ಕೇಳಿದ. ಎಲ್ಲರೂ ಹೇಳಿದರು. ಊಟಕ್ಕೆ ಕೂತವರಲ್ಲಿ ಹೆಸರಿಲ್ಲದವರು ಯಾರು?

"ಒಬ್ಬರೂ ತಪ್ಪಲಿಲ್ಲ ಸ್ವಾಮಿ" ಎಂದು ಬಂದು ಹೇಳಿದ. ವೈದ್ಯನಿಗೂ ಸಮಾಧಾನವಾಯಿತು.

ಕಷಾಯ ಮನೆಮನೆಗೆ ಹೋಯಿತು. ಕಲ್ಲುಗುಂಡಿನಂಥ ಪೈಲ್ವಾನರು, ಹೊಸ ಮದುಮಗ, ಊರ ಪಟೇಲ, ಎಲ್ಲರೂ ವೈದ್ಯ ಕಳಿಸಿದ್ದಾನೆಂದು ಮೂಗು ಮುಚ್ಚಿಕೊಂಡು ಕುಡಿದರು. ಬೆಳಗಾಗುವ ಹೊತ್ತಿಗೆ ಕೆರೆಯಾಚೆ ಬಯಲಿನಲ್ಲಿ ಇನ್ನೊಂದು ಪಂಕ್ತಿ ಕೂತಿತ್ತು. ಅಲ್ಲಿ ಎಲೆ ಹಾಕಿರಲಿಲ್ಲ, ಅಷ್ಟೆ.

ಅವರ ಪಕ್ಕದ ಎಲೆಯವರು, ಆ ಹಳದಿ ಕಣ್ಣಿನವರು, ತಮಗೆ ಕಷಾಯ ಬರಲಿಲ್ಲವಲ್ಲ, ಹಾಗಾದರೆ ತಮಗೇನೂ ಆಗಿಲ್ಲ ಎಂದುಕೊಂಡು ಉಳಿದ ಹೋಳಿಗೆಯನ್ನೂ ತಿಂದರು. ಅವರಲ್ಲೊಬ್ಬ ಆ ಚಳಿಗಾಲ ದಾಟಲಿಲ್ಲ.

ಬಯಲಿನ ಪಂಕ್ತಿಗೆ ನಕ್ಕಿದ್ದ ವಸುಮತಿಯ ನಗು ಇಲ್ಲಿ ನಿಂತಿತು. ಆದರೂ ಅವಳಿಗೆ ಸಹಾಯಕನ ಮೇಲೆ ಕನಿಕರ. "ಪಾಪ, ಅವನಿಗೆ ಹೇಗೆ ಗೊತ್ತಾಗಬೇಕು ಸರ್? ಕೇಳಿದವರೆಲ್ಲ ಹೆಸರು ಹೇಳಿದರಲ್ಲ!"

"ಹೆಸರು ಕೇಳೋಕೆ ಬಗ್ಗಿದ್ದನಲ್ಲಮ್ಮ, ಹಾಗೇ ಒಂದು ಸಲ ಕಣ್ಣು ನೋಡಬಹುದಿತ್ತು."

"ಅದೂ ನಿಜ" ಎಂದು ವಸುಮತಿ ಕಂಪ್ಯೂಟರಿನ ಕಡೆ ತಿರುಗಿದಳು. ಕಳಿಸುವ ಗುಂಡಿಯತ್ತ ಬೆರಳು ಚಾಚಿದಳು.

ಮೇಷ್ಟ್ರು ಕಣ್ಣು ಮುಚ್ಚಿಕೊಂಡೇ ಕೇಳಿದರು: "ನಿನಗೆ ಜಾಗ ಎಣಿಸಿ ಕೊಟ್ಟವರು ದೇವರ ಎಲೆ ಸೇರಿಸಿ ಎಣಿಸಿದ್ದಾರಾ, ಬಿಟ್ಟು ಎಣಿಸಿದ್ದಾರಾ?"

ಜಾಗ ಎಣಿಸಿದ್ದು ಸೊನ್ನೆಯಿಂದಲೋ ಒಂದರಿಂದಲೋ, ಅವಳು ಕೇಳಿರಲೇ ಇಲ್ಲ. ಅವಳ ಬೆರಳು ಗಾಳಿಯಲ್ಲೇ ನಿಂತಿತು.